ಮೂಗಕ್ಕನ ಗಂಧರಾಜ

ಬಿಳಿ, ಇನ್ನೂ ಬಿಳಿಯೇ ಇದೆ, ಅಂಚು ಮಾತ್ರ ಹಳದಿಗೆ ತಿರುಗುತ್ತಿದೆ, ಬೆಣ್ಣೆ ಕಾಯಿಸುವಾಗ ಮೊದಲು ಮೂಡುತ್ತದಲ್ಲ ಆ ಹಳದಿ, ನಾಳೆಗೆ ಪೂರ್ತಿ ತಿರುಗಿ ನಾಡಿದ್ದು ಉದುರುತ್ತದೆ, ನಾಳೆ ಅಂತ ಒಂದು ಇದ್ದರೆ — ಅಂದುಕೊಂಡಳು ಮೂಗಕ್ಕ, ಯಾಕಂದರೆ ಕೊಡಲಿಯವನು ಆಗಲೇ ಬಂದು ಗೇಟಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾನೆ, ತೀರ್ಮಾನಕ್ಕೆ ಮುಂಚೆ ಕೊಡಲಿ ಬಂದಿದೆ, ಹಾಗಾದರೆ ಈ ಮೀಟಿಂಗು ಯಾವ ಸಂಪತ್ತಿಗೆ, ಈ ಪ್ಲಾಸ್ಟಿಕ್ ಕುರ್ಚಿಗಳು, ಈ ಟೀ, ಈ ಬಿಸ್ಕತ್ತು ಯಾವ ಸಂಪತ್ತಿಗೆ. ವಠಾರದ ಅಂಗಳದಲ್ಲಿ ಎಲ್ಲರೂ ಅರ್ಧ ಸುತ್ತು ಕೂತಿದ್ದಾರೆ, ಎದುರಿಗೆ ಅವಳ ಅಡುಗೆಮನೆ ಕಿಟಕಿಯ ಕೆಳಗೆ ಗಂಧರಾಜದ ಗಿಡ, ಆಳೆತ್ತರ, ಮೈತುಂಬ ಹೂ, ತನ್ನ ಮೇಲೆ ದೂರು ಬಂದಿದೆ ಅನ್ನುವ ಪರಿವೆಯೇ ಇಲ್ಲದೆ ಇನ್ನೂ ಮೊಗ್ಗು ಬಿಡುತ್ತಾ ನಿಂತಿದೆ, ನಾಚಿಕೆಗೆಟ್ಟದ್ದು, ಭೇಷ್, ಹಾಗೇ ನಿಂತಿರು. ದೂರು ಕೊಟ್ಟವರು ಮಹಡಿಮನೆಯ ವಿಮಾ ಏಜೆಂಟರು, ಕರ್ಚೀಫು ಮಡಿಸಿ ಮೂಗಿಗೆ ಒತ್ತಿಕೊಂಡೇ ಮಾತಾಡುತ್ತಿದ್ದಾರೆ, ಮೂಗು ಮುಚ್ಚಿಕೊಂಡು ಮಾತಾಡಿದರೆ ನ ಹೋಗಿ ದ ಆಗುತ್ತದೆ, ಮ ಹೋಗಿ ಬ ಆಗುತ್ತದೆ, ಬದೆ ತುಬ್ಬಾ ದಾತ ರೀ, ದಾತ, ಅನ್ನುತ್ತಿದ್ದಾರೆ, ಮನೆ ತುಂಬಾ ನಾತ ಅನ್ನಲು ಹೋಗಿ ನಾತ ದಾತ ಆಗಿ ಕೂತಿದೆ, ಹೌದು ಕಣಪ್ಪ, ದಾತನೇ ಅದು, ಕೇಳದೆ ಕೊಡುತ್ತೆ, ಬೇಡ ಅಂದವನಿಗೂ ಕೊಡುತ್ತೆ, ನಿನ್ನ ಪಾಲಿಸಿಯ ಹಾಗೆ ಕಂತು ಕೇಳಲ್ಲ — ನಗು ಉಕ್ಕಿ ಬಂದು ಮೂಗಕ್ಕ ತುಟಿ ಕಚ್ಚಿಕೊಂಡಳು. ನಗೋ ಹೊತ್ತಲ್ಲ ಇದು. ನಕ್ಕರೆ ಕೊಬ್ಬು ಅಂತಾರೆ, ಅತ್ತರೆ ನಾಟಕ ಅಂತಾರೆ, ಅದಕ್ಕೇ ಕೈ ಕಟ್ಟಿಕೊಂಡು ನೆಟ್ಟಗೆ ಕೂತಳು.

ನಾತ. ಸತ್ತ ಇಲಿಗೆ ನಾತ ಅನ್ನಲಿ, ನೆನೆದ ಕಾಲುಚೀಲಕ್ಕೆ ಅನ್ನಲಿ, ಹೂವಿಗೆ ನಾತ ಅಂದ ಬಾಯಿಗೆ ಏನು ಹೇಳೋದು, ಆದರೆ ಪಕ್ಕದ ಮನೆ ಟೀಚರಮ್ಮನೂ ತಲೆ ಆಡಿಸುತ್ತಿದ್ದಾರೆ, ನಾತ ಅಲ್ಲ ಸಾರ್, ಘಾಟು ಅನ್ನಿ, ಅಂತ ಉತ್ತರಪತ್ರಿಕೆ ತಿದ್ದುವ ದನಿಯಲ್ಲಿ ತಿದ್ದಿ, ಆಮೇಲೆ ದನಿ ಇಳಿಸಿ, ನಮ್ಮನೆಯವರು ಹೋದ ದಿನ ಯಾರೋ ಇದೇ ಹೂವು ರಾಶಿ ತಂದು ಅವರ ಎದೆ ಮೇಲೆ ಇಟ್ಟಿದ್ರು, ಅವತ್ತಿಂದ ಈ ಘಾಟು ಬಂದ್ರೆ ಗಂಟಲು ಕಟ್ಟುತ್ತೆ, ಸಂಜೆ ಆದ್ರೆ ಕಿಟಕಿ ಹಾಕ್ಕೊಂಡು ಕೂತಿರ್ತೀನಿ, ಅಂದರು. ಟೀಚರಮ್ಮನ ಮೇಲೆ ಮೂಗಕ್ಕನಿಗೆ ಕೋಪ ಇಲ್ಲ, ಗಂಟಲು ಕಟ್ಟಿದವರ ಹತ್ತಿರ ವಾದ ಮಾಡೋಕಾಗುತ್ತಾ, ಒಳಗೊಳಗೇ ಅಯ್ಯೋ ಅನ್ನಿಸಿತು, ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಅಷ್ಟರಲ್ಲಿ ಎದುರುಮನೆ ಲಾರಿ ಡ್ರೈವರ್ ಎದ್ದು ನಿಂತ, ವಾರಗಟ್ಟಲೆ ಡೀಸೆಲ್ ಕುಡಿದ ಮೂಗು ನಂದು, ಗೇಟು ತೆಗೀತಿದ್ದ ಹಾಗೆ ಘಮ್ ಅಂತ ಬರುತ್ತಲ್ಲ, ಆಗಲೇ ನಂಗೆ ಮನೆ ಬಂತು ಅಂತ ಗೊತ್ತಾಗೋದು, ಹೆಂಡ್ತಿ ಮುಖ ಆಮೇಲೆ, ಅಂದ, ಹೆಂಡತಿ ಅವನ ಬೆನ್ನಿಗೆ ಗುದ್ದಿದಳು, ಎಲ್ಲರೂ ನಕ್ಕರು, ಕರ್ಚೀಫಿನ ಹಿಂದೆ ಮಾತ್ರ ನಗು ಇಲ್ಲ. ಒಂದೇ ಹೂವು, ಒಬ್ಬರಿಗೆ ನಾತ, ಒಬ್ಬರಿಗೆ ಘಾಟು, ಒಬ್ಬನಿಗೆ ಘಮ, ಮೂಗಕ್ಕನ ಅಮ್ಮನಿಗಂತೂ ಮಲ್ಲಿಗೆ ಕಂಡರಾಗದು, ತಲೆನೋವು ಬಂದು ಕಣ್ಣಿಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗೋಳು, ಅದೇ ಅಮ್ಮ ಟೊಮೆಟೊ ಗಿಡದ ಎಲೆ ಹಿಸುಕಿ ಹಿಸುಕಿ ಮೂಸೋಳು, ಆ ಕೈ ಹತ್ತಿರ ಬಂದರೆ ಅಪ್ಪನಿಗೆ ಸೀನು, ಅಕ್ಕನಿಗೆ ಗುಲಾಬಿಯಲ್ಲಿ ಏನೂ ಸಿಗುತ್ತಿರಲಿಲ್ಲ, ಸೋಪು ಕಣೇ ಇದು, ಅಂತ ಬಿಸಾಕೋಳು, ಒಂದೇ ಹೊಟ್ಟೆಯಲ್ಲಿ ಹುಟ್ಟಿ ಒಂದೇ ಹಾಸಿಗೆಯಲ್ಲಿ ಮಲಗಿದವರ ಮೂಗೇ ಬೇರೆ ಬೇರೆ, ಇನ್ನು ವಠಾರದ ಮೂಗುಗಳೆಲ್ಲ ಕೈ ಎತ್ತಿ ಓಟು ಹಾಕಿದರೆ ಒಂದಾಗಿಬಿಡುತ್ತವಾ. ಟೀ ಆರಿ ಹೋಗಿತ್ತು, ಒಂದೇ ಗುಟುಕಿಗೆ ಕುಡಿದಿಟ್ಟಳು.

ಮೂಗು ಅಂದರೆ ಅವಳ ಮೂಗು, ಅದೊಂದು ಕಾಲ. ಅವಳು ಅಡುಗೆ ಮಾಡುವ ಕ್ಯಾಂಟೀನಿನವರು ಸುಮ್ಮನೆ ಇಟ್ಟ ಹೆಸರಾ ಮೂಗಕ್ಕ ಅನ್ನೋದು, ಗೇಟಿನಲ್ಲೇ ನಿಂತು, ಎಡಗಡೆ ಒಲೆ ಪಾತ್ರೆ ತಳ ಹಿಡೀತಿದೆ ಕಣ್ರೋ, ಅಂತ ಕೂಗಿದರೆ ಹಿಡಿದೇ ಇರುತ್ತಿತ್ತು, ಬದುಕಿದ್ದಾಗ ಗಂಡ ಸಿಗರೇಟು ಸೇದಿ ಲವಂಗ ಅಗಿಯುತ್ತಾ ಬರೋನು, ಎರಡು ಸಿಗರೇಟು, ಒಂದು ಲವಂಗ, ಒಳಗೆ ಬನ್ನಿ, ಅನ್ನೋಳು ಬಾಗಿಲಲ್ಲೇ, ಹೆಂಡ್ತಿ ಅಲ್ಲ ಇವಳು, ಪೊಲೀಸ್ ನಾಯಿ ಕಟ್ಕೊಂಡಿದೀನಿ ನಾನು, ಅನ್ನೋನು ಅವನು, ಹೇಳಿಕೊಂಡು ತಿರುಗುವಾಗ ಅವನ ದನಿಯಲ್ಲಿ ಜಂಬವೇ ಇರುತ್ತಿತ್ತು. ಆ ಮೂಗು ಹೋದ ಚಳಿಗಾಲದ ಜ್ವರದಲ್ಲಿ ಹೋಯಿತು. ನೆಗಡಿ ಅಂದುಕೊಂಡಳು, ನೆಗಡಿ ಬಿಟ್ಟಿತು, ಉಸಿರು ಸರಾಗವಾಯಿತು, ವಾಸನೆ ಮಾತ್ರ ವಾಪಸ್ ಬರಲಿಲ್ಲ, ಬೆಳ್ಳುಳ್ಳಿ ಜಜ್ಜಿದರೆ ಇಲ್ಲ, ಸೀಮೆಎಣ್ಣೆ ಬಾಟಲಿಗೆ ಮೂಗು ಹಾಕಿದರೆ ಇಲ್ಲ, ತನ್ನ ತೋಳನ್ನೇ ಮೂಸಿಕೊಂಡರೆ ಇಲ್ಲ, ತಾನೇ ಇಲ್ಲವೇನೋ ಅಂತ ಒಂದು ದಿನ ಬಚ್ಚಲಲ್ಲಿ ಕೂತು ಅತ್ತಳು, ಒಂದೇ ದಿನ, ಆಮೇಲೆ ಅಳಲಿಲ್ಲ. ಡಾಕ್ಟರು ಹೇಳಿದರು, ಬಂದ್ರೂ ಬರಬಹುದು, ಬರದೇನೂ ಇರಬಹುದು, ನಿಮಗೆ ಚೆನ್ನಾಗಿ ಗೊತ್ತಿರೋದು ಯಾವುದಾದ್ರೂ ಇಟ್ಕೊಂಡು ದಿನಾ ವಾಸನೆ ನೋಡ್ತಾ ಇರಿ — ವಾಸನೆ ನೋಡಿ, ಎಂಥ ಮಾತು, ಮೂಸಿ ನೋಡು ಅಂತಾರೆ, ಮೂಸೋದು ಹೋಯಿತು, ನೋಡೋದು ಉಳಿಯಿತು, ಸರಿ ಹಾಗಾದರೆ, ನೋಡೇಬಿಡ್ತೀನಿ ಅಂತ ಹಟಕ್ಕೆ ಬಿದ್ದಳು. ಈರುಳ್ಳಿ ಯಾವ ಬಣ್ಣಕ್ಕೆ ಬಂದರೆ ಸಾಕು, ಕಾದ ಎಣ್ಣೆ ಯಾವಾಗ ಸದ್ದು ಬದಲಿಸುತ್ತೆ, ಉಕ್ಕುವ ಮುಂಚೆ ಹಾಲಿನ ಅಂಚು ಹೇಗೆ ನಡುಗುತ್ತೆ, ತಳ ಹಿಡಿಯೋ ಅನ್ನ ಹೇಗೆ ಚಿಟಿಚಿಟಿ ಅನ್ನುತ್ತೆ, ಎಲ್ಲಾ ಹೊಸದಾಗಿ ಕಲಿತಳು, ಈ ವಯಸ್ಸಿನಲ್ಲಿ, ಯಾರಿಗೂ ಸುಳಿವು ಬಿಡದೆ. ಬಿಡಲೂಬಾರದು, ಯಾಕಂದರೆ ಕ್ಯಾಂಟೀನ್ ನಡೆಸೋರೂ ಈ ವಠಾರದ ಮಾಲೀಕರೇ, ಅಗೋ ಅಲ್ಲಿ ನಡುವಿನ ಕುರ್ಚಿಯಲ್ಲಿ ಕೂತು ಬಿಸ್ಕತ್ತು ಅದ್ದುತ್ತಿದ್ದಾರೆ, ಮೂಗಿಲ್ಲದ ಅಡುಗೆಯವಳು ಅಂತ ತಿಳಿದರೆ ಸೌಟು ಕಿತ್ತುಕೊಂಡು ಮನೆಗೆ ಕಳಿಸ್ತಾರೆ, ಮನೆಯಲ್ಲಿ ಮಗ ಗ್ಯಾಸ್ ಒಲೆ ಮುಟ್ಟಬೇಡಮ್ಮ ಅಂತಾನೆ, ಎರಡೂ ಅಡುಗೆಮನೆ ಬಾಗಿಲು ಹಾಕಿದರೆ ಅವಳು ಎಲ್ಲಿ ಹೋಗಿ ನಿಲ್ಲೋದು.

ಅದಕ್ಕೇ ಗಂಧರಾಜ. ಜ್ವರ ಏರುವ ಮುಂಚಿನ ಸಂಜೆ ಕೊನೆಯದಾಗಿ ಮೂಗಿಗೆ ಬಂದದ್ದು ಅದೇ, ಚಳಿಯಲ್ಲೂ ಬಿಟ್ಟಿದ್ದ ಒಂದೆರಡು ಹೂವಿನದ್ದು, ಕಿಟಕಿ ಹಾಕಲು ಕೈ ಚಾಚಿದಾಗ ಪೂರ್ತಿಯಾಗಿ ಬಂದಿತ್ತು, ಸಾಲ ತೀರಿಸಿದ ಹಾಗೆ, ಆಮೇಲೆ ಏನೂ ಇಲ್ಲ. ದಿನಾ ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಒಂದು ಹೂ ಬಗ್ಗಿಸಿ ಮೂಗನ್ನು ಅದರೊಳಗೆ ಇಟ್ಟು ಉಸಿರೆಳೆಯುತ್ತಾಳೆ, ತಣ್ಣಗೆ ಗಾಳಿ ಬರುತ್ತೆ, ಎಸಳು ಮೂಗಿನ ಹೊಳ್ಳೆಗೆ ತಾಗುತ್ತೆ, ಅಷ್ಟೇ, ಒಂದೊಂದು ದಿನ ಎಳೆಯಷ್ಟು ಏನೋ ಬಂತು ಅನ್ನಿಸುತ್ತೆ, ಬಂತಾ ನೆನಪಾಯಿತಾ ಗೊತ್ತಾಗಲ್ಲ, ನೆನಪಾದರೂ ಆಗಲಿ, ಬರೋದಾದರೆ ಈ ಬಾಗಿಲಿಂದಲೇ ಬರಬೇಕು, ಬಾಗಿಲನ್ನೇ ಕಡಿದರೆ ಅದು ಎಲ್ಲಿ ಬಂದು ತಟ್ಟೀತು. ಇದನ್ನು ಯಾರಿಗೆ ಹೇಳೋದು, ಮಗನಿಗೆ ಹೇಳೋದಾ, ಸೊಸೆಗಾ — ಸೊಸೆ, ಅವಳದ್ದು ಇನ್ನೊಂದು ಕಥೆ, ಬಸುರಿ, ಮನೆಗೆ ಬರಬೇಕಾದ ಮೂಗನ್ನೆಲ್ಲ ಅವಳೊಬ್ಬಳೇ ಬಾಚಿಕೊಂಡ ಹಾಗೆ ಆಗಿದೆ, ಸೋಪು ಆಗಲ್ಲ, ಟೂತ್‌ಪೇಸ್ಟು ಆಗಲ್ಲ, ಗಂಡನ ಶರ್ಟು ಆಗಲ್ಲ, ತೊಳೆದಿಟ್ಟ ಗಾಜಿನ ಲೋಟದಲ್ಲೂ ಏನೋ ಬರುತ್ತಂತೆ, ಈ ಹೂವಂತೂ ಕಿಟಕಿ ಸಂದಿಯಲ್ಲಿ ನುಸುಳಿದರೆ ಸಾಕು, ಬಚ್ಚಲಿಗೆ ಓಟ. ಓಡಲಿ, ಬಸುರಿ ಅಂದಮೇಲೆ ಆಗೋದೇ, ಮೂಗಕ್ಕನಿಗೆ ಕಸಿವಿಸಿ ಆಗೋದು ಅದಕ್ಕಲ್ಲ, ತಾನು ಅಡುಗೆಮನೆಗೆ ಕಾಲಿಟ್ಟರೆ ಸಾಕು, ಹಿಂದಿನಿಂದ ಆ ಹುಡುಗಿ ಮೂಗು ಮುಚ್ಚಿಕೊಂಡಾದರೂ ಬಂದುಬಿಡುತ್ತಾಳೆ, ಪಾತ್ರೆ ಮುಚ್ಚಳ ತೆಗೆದು ನೋಡೋದು, ಗ್ಯಾಸಿನ ಗುಬುಟು ಮುಟ್ಟಿ ನೋಡೋದು, ಕಿಟಕಿ ತೆಗೆಯೋದು, ಹಾಲನ್ನು ಬಗ್ಗಿ ಮೂಸೋದು, ಯಾಕಮ್ಮಾ ಅಂದರೆ ಸುಮ್ಮನೆ ಅತ್ತೆ ಅನ್ನೋದು, ಸುಮ್ಮನೆಯಂತೆ, ಇದ್ದಬದ್ದ ಕಡೆಗೆಲ್ಲ ಮೂಗು ತೂರಿಸೋದು ಅಂದರೆ ಇದೇ ತಾನೇ. ಈಗ ಒಳಗೆ ಮಲಗಿದ್ದಾಳೆ, ಬಾಗಿಲು ಹಾಕಿದೆ, ಮಲಗಲಿ.

ನಮ್ಮ ಮಾತು ಬಿಡಿ, ಅಂತ ಏಜೆಂಟರು ಕರ್ಚೀಫು ತುಸು ಸರಿಸಿದರು, ಈಗ ನ ನ ಆಗಿಯೇ ಬಂತು, ನಿಮ್ಮ ಮನೇಲೇ ಬಸುರಿ ಹುಡುಗಿ ಇದಾಳೆ, ಮಹಡಿವರೆಗೂ ಕೇಳುತ್ತೆ ಅವಳು ವಾಂತಿ ಮಾಡ್ಕೊಳ್ಳೋದು, ನಿಮಗೆ ಕರುಳು ಅನ್ನೋದು ಇದ್ಯಾ ಇಲ್ವಾ, ಒಂದು ಗಿಡ ಹೆಚ್ಚಾಯ್ತಾ — ಎಲ್ಲರ ಕಣ್ಣೂ ಅವಳ ಮೇಲೆ, ಟೀಚರಮ್ಮನ ಕಣ್ಣು, ಡ್ರೈವರನ ಹೆಂಡತಿಯ ಕಣ್ಣು, ಎಂಥ ಅತ್ತೆಯಪ್ಪ ಅನ್ನುವ ಕಣ್ಣುಗಳು, ಪಕ್ಕದ ಕುರ್ಚಿಯಿಂದ ಮಗ ಅವಳ ಮೊಣಕೈ ಮುಟ್ಟಿ ಬಿಡಮ್ಮ, ಯಾಕೆ ಸುಮ್ನೆ, ಅಂದ, ಅವನು ಚಿಕ್ಕವನಿದ್ದಾಗಿಂದ ಹೀಗೇ, ಬಿಡಮ್ಮ, ಚೆಂಡು ಯಾರಾದರೂ ಕಸಿದುಕೊಂಡರೆ ಬಿಡಮ್ಮ, ಬಿಡಲ್ಲ ಕಣೋ, ಬಿಟ್ಟು ಬಿಟ್ಟು ಮೂಗಿನವರೆಗೂ ಬಂದಿದೆ. ಮಾಲೀಕರು ಬಿಸ್ಕತ್ತಿನ ಪುಡಿ ಒರೆಸಿಕೊಂಡು ನಿಧಾನವಾಗಿ ಕೇಳಿದರು, ಅಲ್ಲಮ್ಮಾ, ಅಷ್ಟೊಂದು ಹಟ ಮಾಡ್ತೀಯಲ್ಲ, ನಿನಗೆ ಅದರಲ್ಲಿ ಅಂಥದ್ದೇನು ಸಿಗುತ್ತೆ ಹೇಳು ನೋಡೋಣ. ಸಿಗುತ್ತೆ, ಅಂದಳು, ಕಾಯಿಸಿ ಆರಿಸಿದ ಹಾಲಿನ ಹಾಗೆ ಮೊದಲು ಬರುತ್ತೆ, ಆಮೇಲೆ ಹಸಿ ಬಾದಾಮಿ ಹಾಗೆ, ಕೊನೇಲಿ ಸಣ್ಣ ಕಹಿ — ಬಾಯಿಪಾಠ ಒಪ್ಪಿಸುವ ಹಾಗೆ ಬಂತು, ಜ್ಞಾಪಕದಿಂದ ತೆಗೆತೆಗೆದು ಇಡುತ್ತಿದ್ದಳು, ಚೆನ್ನಾಗಿಯೇ ಬರುತ್ತಿತ್ತು, ಆದರೆ ಏಜೆಂಟರು ಎದ್ದರು, ಗಿಡ ಮುಟ್ಟಲು ಹೇಸಿ ಮೋರಿ ಅಂಚಿನಲ್ಲಿ ಬಿದ್ದಿದ್ದ ಒಂದು ಹೂವನ್ನು ಎರಡು ಬೆರಳಲ್ಲಿ ಎತ್ತಿ ತಂದು ಅವಳ ಮುಖದ ಮುಂದೆ ಹಿಡಿದು ಕರ್ಚೀಫನ್ನು ಮತ್ತೆ ಮೂಗಿಗೆ ಒತ್ತಿಕೊಂಡರು, ಹಾಲಂತೆ ಬಾದಾಬಿಯಂತೆ, ಬೂಸಿ ಹೇಳಿ. ಬಿಳಿಯೇ ಇತ್ತು ಹೂವು. ಮೂಗಕ್ಕ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದು, ಎಲ್ಲರಿಗೂ ಕೇಳುವ ಹಾಗೆ, ಆಹಾ, ಅಂದಳು, ಏನು ಪರಿಮಳ, ಇದನ್ನ ನಾತ ಅಂತೀರಲ್ಲ. ಕಣ್ಣು ತೆರೆದರೆ ಟೀಚರಮ್ಮ ಕುರ್ಚಿ ಹಿಂದೆ ಸರಿಸಿದ್ದಾರೆ, ಮಗ ಮುಖ ತಿರುಗಿಸಿದ್ದಾನೆ, ಡ್ರೈವರ್ ಒಬ್ಬನೇ ಮೆಲ್ಲಗೆ, ಅಕ್ಕಾ, ಅದು ಫಿನಾಯಿಲ್ ಅಕ್ಕಾ, ಮಧ್ಯಾಹ್ನ ಮೋರಿಗೆ ಹಾಕಿದ್ರಲ್ಲ, ಇಲ್ಲಿಗೇ ಹೊಡೀತಿದೆ, ಅಂದ.

ಫಿನಾಯಿಲ್. ಕರ್ಚೀಫು ಒತ್ತಿಕೊಂಡವನಿಗೂ ಬರಲಿಲ್ಲ, ಮೂಗು ಸತ್ತವಳಿಗೂ ಬರಲಿಲ್ಲ, ಇಬ್ಬರೂ ಸೇರಿ ಒಂದು ಹೂವಿನ ಮುಂದೆ ಮಂಗ ಆದೆವು, ಅನ್ನಿಸಿ ಈ ಸಲ ನಗು ತಡೆಯಲಿಲ್ಲ, ನಕ್ಕೇಬಿಟ್ಟಳು, ನಗುತ್ತಾ ಕೆನ್ನೆ ಬಿಸಿಯಾಗುತ್ತಿದೆ, ಮಗ ಅಮ್ಮಾ ಅನ್ನುತ್ತಿದ್ದಾನೆ, ಅವನ ದನಿಯಲ್ಲಿ ಹೆದರಿಕೆ, ಮಾಲೀಕರು ಬಿಸ್ಕತ್ತು ಕೈಯಲ್ಲೇ ಹಿಡಿದು ಅವಳನ್ನು ನೋಡುತ್ತಿದ್ದಾರೆ, ನಿನಗೆ ವಾಸನೆ ಬರಲ್ವಾ, ಅಂತ ಕೇಳುತ್ತಿದ್ದಾರೆ, ಬಿಸ್ಕತ್ತು ಮುರಿದು ಟೀಯಲ್ಲಿ ಬಿತ್ತು. ಈಗ ಸುಳ್ಳು ಹೇಳಬಹುದು, ನೆಗಡಿ ಅನ್ನಬಹುದು, ಬಾಯಿ ತೆರೆದಳು, ನೆಗಡಿ ಬರಲಿಲ್ಲ, ಬರಲ್ಲ, ಅಂತ ಬಂತು. ಬರಲ್ಲ ಸಾರ್. ಚಳಿಗಾಲದಿಂದ ಬರಲ್ಲ. ಚಳಿಗಾಲದಿಂದ ನೀವು ನನ್ನ ಅಡುಗೆ ಎರಡೆರಡು ಸಲ ಹಾಕಿಸ್ಕೊಂಡು ಬೆರಳು ನೆಕ್ಕಿ ತಿಂತಿದೀರಿ, ಒಂದಿನ ತಳ ಹಿಡೀತಾ, ಒಂದಿನ ಉಪ್ಪು ಹೆಚ್ಚಾಯ್ತಾ, ಹೇಳಿ ಇವರೆಲ್ಲರ ಮುಂದೆ. ಮಾಲೀಕರು ಟೀಯಲ್ಲಿ ಬಿದ್ದ ಬಿಸ್ಕತ್ತನ್ನು ಬೆರಳಲ್ಲಿ ಎತ್ತತೊಡಗಿದರು. ಏಜೆಂಟರು ಹೇಳಿದರು, ಕರ್ಚೀಫನ್ನು ಜೇಬಿಗೆ ಹಾಕಿಕೊಂಡೇ, ಗೆದ್ದವರ ಹಾಗೆ, ವಾಸನೇನೇ ಬರಲ್ಲ ಅಂದಮೇಲೆ ಈ ಗಿಡ ಇದ್ದರೇನು ಹೋದರೇನು ನಿಮಗೆ, ನಮ್ಮ ತಲೆನೋವಾದರೂ ಹೋಗುತ್ತೆ. ಸರಿಯಾದ ಮಾತೇ, ಲೆಕ್ಕಕ್ಕೆ ಸರಿಯಾದ ಮಾತು, ಅದಕ್ಕೇ ಮೈ ಉರಿಯಿತು, ಬರಲ್ಲ ಅಂತಲೇ ಬೇಕು ಕಣ್ರೀ, ಅಂದಳು, ಬರೋರಿಗೆ ಅಂಗಡಿಯಲ್ಲಿ ಸಿಗುತ್ತೆ, ಬಾಟಲಿಯಲ್ಲಿ ಸಿಗುತ್ತೆ, ನನಗೆ ಇರೋದು ಇದೊಂದೇ, ದಿನಾ ಬೆಳಗ್ಗೆ ಇದರ ಮುಂದೆ ನಿಂತು ಕೇಳ್ತೀನಿ, ಇವತ್ತು ಬರ್ತೀಯಾ ಅಂತ, ಬರಲ್ಲ ಅನ್ನುತ್ತೆ, ನಾಳೆ ಮತ್ತೆ ಕೇಳ್ತೀನಿ, ಸಾಯೋವರೆಗೂ ಕೇಳ್ತೀನಿ, ನಿಮ್ಮ ತಲೆನೋವಿಗೆ ಮಾತ್ರೆ ಇದೆ, ನನ್ನ ಮೂಗಿಗೆ ಎಲ್ಲಿದೆ ಮಾತ್ರೆ. ದನಿ ಒಡೆಯಿತು, ಒಡೆಯಲಿ. ಏ ಕೊಡಲಿಯಪ್ಪ, ಅಂದಳು ಗೇಟಿನ ಕಡೆ ತಿರುಗಿ, ಕಡಿಯೋದಾದರೆ ಬಾ, ನನ್ನ ಮೂಗೇ ಮೊದಲು ಕೊಯ್ಯಿ, ಹೇಗೂ ಉಪಯೋಗಕ್ಕಿಲ್ಲ.

ಕೊಡಲಿಯವನು ಏಳಲಿಲ್ಲ, ಎದ್ದದ್ದು ಬಾಗಿಲಿನ ಸದ್ದು. ಸೊಸೆ. ಕೆದರಿದ ತಲೆ, ದಿಂಬಿನ ಗೆರೆ ಕೆನ್ನೆಯ ಮೇಲೆ, ಹೆಬ್ಬೆರಳು ತೋರುಬೆರಳು ಸೇರಿಸಿ ಮೂಗನ್ನು ಬಿಗಿಯಾಗಿ ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತಿದ್ದಾಳೆ, ಬಂದಳು ಸಾಕ್ಷಿ ಹೇಳೋಕೆ, ಅಂದುಕೊಂಡಳು ಮೂಗಕ್ಕ, ಏಜೆಂಟರೂ ಹಾಗೇ ಅಂದುಕೊಂಡರು, ಬಾಮ್ಮಾ ನೀನೇ ಹೇಳು, ಅಂತ ಕುರ್ಚಿ ಬಿಟ್ಟುಕೊಟ್ಟರು, ಅವಳು ಕುರ್ಚಿ ನೋಡಲಿಲ್ಲ, ಯಾರನ್ನೂ ನೋಡಲಿಲ್ಲ, ನೇರ ಗಿಡದ ಹತ್ತಿರ ಹೋಗಿ, ಎಲ್ಲಿ ನಿಂತರೆ ಅವಳಿಗೆ ಒಂದು ಗಳಿಗೆಯೂ ತಡೆಯಲಾಗದೋ ಅಲ್ಲೇ ನಿಂತು, ಇನ್ನೊಂದು ಕೈಯಲ್ಲಿ ಹೂ ತುಂಬಿದ ಕೊಂಬೆಯನ್ನು ಹಿಡಿದುಕೊಂಡು, ಕಡೀಬೇಡಿ, ಅಂದಳು. ಅದರಲ್ಲಿ ನ ಇಲ್ಲ, ಮ ಇಲ್ಲ, ಸ್ಪಷ್ಟವಾಗಿ ಕೇಳಿಸಿತು. ದದಗೆ ಆಗಲ್ಲ, ದಿಜ, ಅದು ದದ್ದ ಕಷ್ಟ, ಅಂದಳು ಆಮೇಲೆ, ನನಗೆ, ನಿಜ, ನನ್ನ, ಎಲ್ಲದರ ನ ಹೋಗಿ ದ ಆಗಿ, ಡ್ರೈವರನ ಹೆಂಡತಿ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು, ಅತ್ತೆಗೆ ಬೂಗು ಹೋಗಿದೆ, ದದಗೆ ಆಗಲೇ ಗೊತ್ತು, ಅವತ್ತು ಹಾಲು ಸೀದು ಬದೆಯೆಲ್ಲಾ ವಾಸದೆ, ಅವರು ಪಕ್ಕದಲ್ಲೇ ತಲೆ ಬಾಚ್ತಿದ್ರು. ಮನೆಯೆಲ್ಲಾ ವಾಸನೆ — ಯಾವತ್ತು ಅದು, ಹೌದು, ಸೀದಿತ್ತು, ಈ ಹುಡುಗಿ ಏನೂ ಹೇಳದೆ ಒಲೆ ಆರಿಸಿ ಪಾತ್ರೆ ಉಜ್ಜಿಟ್ಟಿದ್ದಳು, ಅವತ್ತಿಂದಲೇ ಹಿಂದೆ ಹಿಂದೆ ಬರೋಕೆ ಶುರು ಮಾಡಿದ್ದು, ಮುಚ್ಚಳ ತೆಗೆದದ್ದು, ಗುಬುಟು ಮುಟ್ಟಿದ್ದು, ಕಿಟಕಿ ತೆಗೆದದ್ದು, ಬಗ್ಗಿ ಹಾಲು ಮೂಸಿ ಬಚ್ಚಲಿಗೆ ಓಡಿದ್ದು, ಓಡಿ ವಾಂತಿ ಮಾಡಿ ಬಂದು ಮತ್ತೆ ಮೂಸಿದ್ದು, ಸುಮ್ಮನೆ ಅತ್ತೆ, ಸುಮ್ಮನೆ — ಥೂ, ಎಂಥ ಹೆಂಗಸು ನಾನು, ಮೂಗು ಹೋಗಿದ್ದಕ್ಕೆ ಕಣ್ಣನ್ನು ತೀಡಿ ತೀಡಿ ಇಟ್ಟುಕೊಂಡೆ ಅಂತ ಬೀಗಿದ್ದೇ ಬೀಗಿದ್ದು, ಪಕ್ಕದಲ್ಲಿದ್ದದ್ದು ಕಾಣಲಿಲ್ಲ. ಅಲ್ಲ, ಇವಳಿಗೆ ಯಾರು ಹೇಳಿದರು ಬಾ ಅಂತ, ನನ್ನ ಜಗಳ ನಾನು ಆಡ್ತಿರಲಿಲ್ವಾ, ಅನ್ನಿಸಿತು, ಅದೂ ಅನ್ನಿಸಿತು. ಮಾಲೀಕರು ಕೊಡಲಿಯವನಿಗೆ ಹೋಗಪ್ಪಾ ನೀನು, ಅನ್ನುತ್ತಿದ್ದಾರೆ, ಅವನು ಕೊಡಲಿಯನ್ನು ಹೆಗಲಿಗೇರಿಸಿ ಗೇಟು ದಾಟುತ್ತಿದ್ದಾನೆ, ಏಜೆಂಟರು ಏನೋ ಕೂಗಾಡುತ್ತಾ ಮೆಟ್ಟಿಲು ಹತ್ತುತ್ತಿದ್ದಾರೆ, ನಾಳೆ ಕ್ಯಾಂಟೀನಲ್ಲಿ ಮಾತಾಡೋಣಮ್ಮ, ಅಂತ ಮಾಲೀಕರು, ಒಲೆ ಹಚ್ಚೋಕೆ ಬರ್ತೀನಿ, ಮಾತು ನೀವು ಆಡಿ, ಅಂತ ಅವಳ ಬಾಯಿ, ಬಾಯಿಯೊಂದೇ, ಕಣ್ಣು ಗಿಡದ ಹತ್ತಿರ ನಿಂತ ಸೊಸೆಯ ಮೇಲಿದೆ. ಕೊಡಲಿ ಹೋಯಿತು ಕಣೇ, ಬಿಡು, ಒಳಗೆ ನಡಿ. ಬಿಡುತ್ತಿಲ್ಲ. ಗಂಟಲು ಮೇಲೆ ಕೆಳಗೆ ಆಗುತ್ತಿದೆ, ಕಣ್ಣಲ್ಲಿ ನೀರು ತುಂಬಿ ಕೆನ್ನೆಯ ದಿಂಬಿನ ಗೆರೆಯಲ್ಲಿ ಇಳಿಯುತ್ತಿದೆ, ಮೂಗು ಹಿಡಿದ ಬೆರಳ ತುದಿ ಬಿಳುಚಿದೆ, ಇನ್ನೊಂದು ಕೈಯಲ್ಲಿ ಕೊಂಬೆ, ಮೈ ನಡುಗಿದ ಹಾಗೆಲ್ಲ ಕೊಂಬೆ ನಡುಗುತ್ತಿದೆ, ನಾಳೆ ಕ್ಯಾಂಟೀನು, ಮಾಲೀಕರು, ಮಗ ಏನಂತಾನೋ, ಬಿಡು ಮಗಳೇ — ಬಿಳುಚಿದ ಎರಡು ಬೆರಳು, ಕೊಂಬೆ, ಗ್ಯಾಸ್ ಒಲೆ, ಎಷ್ಟು ಹೊತ್ತಿಗೆ ಏಳಬೇಕೋ — ಎರಡು ಬೆರಳು, ಕೊಂಬೆ — ಬಿಡುತ್ತಿಲ್ಲ ಅವಳು, ವಾಂತಿ ತಡೆದುಕೊಂಡು, ಮೂಗು ಹಿಡಿದುಕೊಂಡು, ಕೊಂಬೆ ಬಿಡುತ್ತಿಲ್ಲ.